ಗೆದ್ದಲಿನ ಬೇಸಾಯ

ಮಲೆನಾಡಿನವರು ಜಮೀನಿನ ಪಹಣಿ ತೋರಿಸುತ್ತಾರೆ, ಮಗನ ಜಾತಕ ತೋರಿಸುತ್ತಾರೆ, ಸಕ್ಕರೆ ಕಾಯಿಲೆಯ ರಿಪೋರ್ಟನ್ನು ಬಸ್ಸಿನಲ್ಲಿ ಪಕ್ಕ ಕೂತವರಿಗೂ ತೋರಿಸುತ್ತಾರೆ. ಹುತ್ತದ ಅಣಬೆ ಏಳುವ ಜಾಗ ಮಾತ್ರ ತೋರಿಸುವುದಿಲ್ಲ. ವರ್ಷ ವರ್ಷವೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಏಳುವುದರಿಂದ ಒಮ್ಮೆ ಬಾಯಿಬಿಟ್ಟರೆ ಮುಂದಿನ ಮಳೆಗಾಲಕ್ಕೆ ಪಾಲುದಾರ ಹುಟ್ಟಿಕೊಂಡ ಎಂದೇ ಲೆಕ್ಕ. ತೀರ್ಥಹಳ್ಳಿ ಕಡೆಯ ನನ್ನ ಮಾವ ಮಗಳನ್ನು ಧಾರೆ ಎರೆದುಕೊಟ್ಟಿದ್ದಾರೆ; ಜಾಗ ಇನ್ನೂ ಹೇಳಿಲ್ಲ.

ಮೊನ್ನೆ ಅವರು ರಾತ್ರಿ ಬಸ್ಸಿಗೆ ಬಂದು ಯಶವಂತಪುರದಲ್ಲಿ ಇಳಿದಾಗ ಬಟ್ಟೆಯ ಚೀಲಕ್ಕಿಂತ ಜೋಪಾನವಾಗಿ ಬಾಳೆಲೆಯ ಪೊಟ್ಟಣವೊಂದನ್ನು ಹಿಡಿದಿದ್ದರು. ಯಲಹಂಕದ ಮನೆ ತಲುಪಿದ್ದೇ ಕಾಫಿಗೂ ಮೊದಲು ಅದನ್ನು ಬಿಚ್ಚಿಸಿದರು. ಹುಳ ಬೀಳುವ ಮೊದಲು ಸಾರಾಗಬೇಕಲ್ಲ! ಬೂದುಗಂದು ಕೊಡೆ, ಅದರ ನಡುನೆತ್ತಿಯಲ್ಲಿ ನೆಲ ಸೀಳಿ ಬರಲೆಂದೇ ಮಾಡಿದಂಥ ಚೂಪು ಮೊನೆ, ಕೆಳಗೆ ಕೆಮ್ಮಣ್ಣು ಮೆತ್ತಿದ ಉದ್ದನೆಯ ಬೇರಿನಂಥ ಬಾಲ. ನನ್ನ ಹೆಂಡತಿ ತೊಳೆದಳು, ತೊಳೆದಳು, ಸಿಂಕಿನಲ್ಲಿ ತೀರ್ಥಹಳ್ಳಿಯ ಗದ್ದೆಯೇ ಇಳಿದುಹೋಯಿತು. ಮಧ್ಯಾಹ್ನ ಕಾಯಿ ಅರೆದು ಮಾಡಿದ ಸಾರು, ಅಕ್ಕಿ ರೊಟ್ಟಿ. ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಸಂಜೆ ಅಪಾರ್ಟ್‌ಮೆಂಟಿನ ಹುಲ್ಲುಹಾಸಿನಲ್ಲಿ ಬಿಳಿ ಅಣಬೆಗಳು ಸಾಲಾಗಿ ಎದ್ದಿದ್ದವು. ನೆರೆಮನೆಯವರು ಉತ್ಸಾಹದಿಂದ, "ಅಂಕಲ್, ಬೇಯಿಸುವಾಗ ಬೆಳ್ಳಿ ಚಮಚ ಹಾಕಿದ್ರೆ ಆಯ್ತಂತೆ. ವಿಷ ಇದ್ರೆ ಚಮಚ ಕಪ್ಪಾಗುತ್ತಂತೆ" ಎಂದರು. ಮಾವ ಒಂದನ್ನು ಮಗುಚಿದರು. ಕೊಡೆಯ ಅಡಿಯ ಪದರಗಳು ಹಸಿರಿಗೆ ತಿರುಗಿದ್ದವು. ತಿಂದವರನ್ನು ವಾಂತಿಭೇದಿಯಲ್ಲಿ ಹಿಂಡಿಬಿಡುವ ಜಾತಿ ಅದು.

"ಚಮಚ ಹೊಳೀತಾನೇ ಇರುತ್ತೆ ಸ್ವಾಮಿ, ಕಪ್ಪಾಗೋದು ತಿಂದವರ ಮುಖ."

ಆಮೇಲೆ ನನ್ನ ಕಡೆ ತಿರುಗಿದರು. "ಅಲ್ಲ ಅಳಿಯಂದ್ರೇ, ಇಷ್ಟು ವಿದ್ವಾಂಸರ ಮಧ್ಯೆ ಇದ್ದೀರಿ. ನಮ್ಮ ಅಣಬೆ ಬೆಳೆಯೋಕೆ ಒಬ್ಬರಿಗೂ ಬರಲ್ವಾ?"

ವಿದ್ವಾಂಸರಿಗೇನೂ ಬರವಿಲ್ಲ. 1964ರಲ್ಲಿ ಹುಟ್ಟಿದ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ನಮಗೆ ಕೂಗಳತೆಯಲ್ಲಿದೆ. 1967ರ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೆಸರಘಟ್ಟದಲ್ಲಿದೆ. ಅಲ್ಲಿ ಚಿಪ್ಪಣಬೆಯ ಬೀಜ ಸಿಗುತ್ತದೆ, ಬೆಳೆಯುವ ತರಬೇತಿಯೂ ಸಿಗುತ್ತದೆ. ಹುತ್ತದ ಅಣಬೆಯ ಬೇಸಾಯ ಮಾತ್ರ ಸುಮಾರು 3 ಕೋಟಿ ವರ್ಷಗಳಿಂದ ಗೆದ್ದಲಿನ ಕೈಯಲ್ಲೇ ಇದೆ. ಒಣಸೌದೆ, ತರಗೆಲೆ ಜಗಿದು ತಂದು ನೆಲದೊಳಗೆ ಗೂಡು ಕಟ್ಟಿ, ಅದರ ಮೇಲೆ ಶಿಲೀಂಧ್ರ ಬೆಳೆಸಿ ತಿನ್ನುತ್ತದೆ. ಮಳೆ ಬಿದ್ದಾಗ ಆ ಶಿಲೀಂಧ್ರ ತಲೆ ಹೊರಗೆ ಹಾಕಿದರೆ ಅದೇ ನಮ್ಮ ಸಾರು. ಈ ರೈತನಿಗೆ ಸಾಲ ಬೇಡ, ಸಬ್ಸಿಡಿ ಬೇಡ. ಕೃಷಿ ಮೇಳದಲ್ಲಿ ಇವನಿಗೊಂದು ಶಾಲು ಹೊದಿಸಿದ್ದನ್ನೂ ನಾನು ಕಂಡಿಲ್ಲ.

ಇಷ್ಟನ್ನೂ ವಿವರಿಸಿ ಲಿಫ್ಟಿನ ಹತ್ತಿರ ಬಂದರೆ ಗೋಡೆಯ ಮೇಲೆ ಹೊಸ ನೋಟಿಸು: ಭಾನುವಾರ ಎಲ್ಲ ಬ್ಲಾಕುಗಳಿಗೂ ಗೆದ್ದಲು ಔಷಧಿ, ಖರ್ಚು ಮನೆಮನೆಗೂ ಹಂಚಿಕೆ. ಮಾವ ಕನ್ನಡಕ ಏರಿಸಿ ನಿಧಾನವಾಗಿ ಓದಿದರು.

"ಗೆದ್ದಲು ಕೊಲ್ಲೋಕೂ ದುಡ್ಡು, ಅಂಗಡೀಲಿ ಡಬ್ಬದ ಅಣಬೆ ಕೊಳ್ಳೋಕೂ ದುಡ್ಡು. ಬೆಂಗಳೂರಲ್ಲಿ ಗಂಡ ಹೆಂಡ್ತಿ ಇಬ್ಬರೂ ಯಾಕೆ ದುಡೀಬೇಕು ಅಂತ ಈಗ ಗೊತ್ತಾಯ್ತು ಬಿಡಿ."