ವೆನ್ಯೂ ರಾಯರು

ತಾಂತ್ರಿಕ ಸಮ್ಮೇಳನದ ಸಮಿತಿ ಎಂದಮೇಲೆ ಅದರಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ಯಾರನ್ನು ಕರೆಸಬೇಕು, ಈ ವರ್ಷವೂ ಎಐಯೇ ಆಗಬೇಕೆ ಎಂದು ಉಳಿದವರು ಗಂಟಲು ಹರಿದುಕೊಳ್ಳುವಾಗ ಇವರು ಫೋನು ತೀಡುತ್ತಾ ಕೂತಿರುತ್ತಾರೆ. 'ಜಾಗ ಎಲ್ಲಿ?' ಎಂದೊಡನೆ ಫೋನು ಜೇಬಿಗಿಳಿಯುತ್ತದೆ, ಕುರ್ಚಿ ಮುಂದಕ್ಕೆ ಸರಿಯುತ್ತದೆ. ವೆನ್ಯೂ ರಾಯರು ಎಂದು ನಾವಿಟ್ಟ ಹೆಸರು. ಅವರಿಗೂ ಗೊತ್ತು, ಬೇಸರವಿಲ್ಲ.

ಬೆಂಗಳೂರಿನ ಸಭಾಂಗಣಗಳೆಲ್ಲ ರಾಯರಿಗೆ ಬಾಯಿಪಾಠ. ಒಂದೂ ಒಪ್ಪಿಗೆಯಿಲ್ಲ. ಐಐಎಸ್‌ಸಿಯ ಟಾಟಾ ಸಭಾಂಗಣವೇ? 'ಮರಗಳು ಚೆನ್ನಾಗಿವೆ, ಊಟ ಮರದ ಕೆಳಗೆ ಹಾಕ್ತೀರಾ?' ತುಮಕೂರು ರಸ್ತೆಯ ವಸ್ತುಪ್ರದರ್ಶನ ಕೇಂದ್ರ ಬಿಐಇಸಿ? 'ಅಲ್ಲಿ ಇಮ್‌ಟೆಕ್ಸ್ ಮೇಳದವರು ಲಾರಿ ಲಾರಿ ಯಂತ್ರ ತಂದಿಡ್ತಾರೆ. ನಮ್ಮ ಐನೂರು ಜನ ಅದರೊಳಗೆ ಕಳೆದುಹೋಗ್ತಾರೆ.' ಅದರ ಪಕ್ಕದ ಮಾದಾವರಕ್ಕೆ 2024ರಲ್ಲೇ ಮೆಟ್ರೋ ಬಂತಲ್ಲ ಎಂದರೆ, 'ವೈಟ್‌ಫೀಲ್ಡ್‌ನವನು ಮೆಜೆಸ್ಟಿಕ್‌ನಲ್ಲಿ ಇಳಿದು, ಆ ನೂಕುನುಗ್ಗಲಲ್ಲಿ ಹಸಿರು ಮಾರ್ಗ ಹತ್ತೋ ಹೊತ್ತಿಗೆ ಕಾಫಿ ಖಾಲಿ.' ಅರಮನೆ ಮೈದಾನದ ಹೆಸರೆತ್ತಿದರೆ ಪಕ್ಕದ ಶಾಮಿಯಾನದ ಮದುವೆ ವಾಲಗ ಅವರಿಗೆ ಆಗಲೇ ಕೇಳಿಸಿರುತ್ತದೆ.

ಹಾಗೆ ನೋಡಿದರೆ ದಿನಾಂಕವನ್ನೂ ರಾಯರು ಪಂಚಾಂಗ ನೋಡಿಯೇ ಹೇಳುವುದು. 'ಆಷಾಢದಲ್ಲಿ ಇಟ್ಕೊಳ್ಳಿ. ಮುಹೂರ್ತ ಇರಲ್ಲ, ಹಾಲ್‌ನವರು ಕರೆದು ಕೊಡ್ತಾರೆ.' ಕೃತಕ ಬುದ್ಧಿಮತ್ತೆಯ ಸಮ್ಮೇಳನ ಶೂನ್ಯಮಾಸಕ್ಕೆ ಬಿದ್ದದ್ದು ಹೀಗೆ.

ಇವರ ಜೊತೆ ಹಾಲ್ ನೋಡಲು ಹೋಗಬೇಕು. ವೇದಿಕೆಯತ್ತ ತಿರುಗಿಯೂ ನೋಡರು. ನಟ್ಟನಡುವೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ, ಸದ್ದು ಮೂಲೆಯಿಂದ ವಾಪಸು ಬಂತೋ ಎಂದು ಕಿವಿಗೊಡುತ್ತಾರೆ. ಮೊಣಕಾಲೂರಿ ಗೋಡೆಯ ಪ್ಲಗ್‌ಗೆ ಚಾರ್ಜರ್ ಚುಚ್ಚುತ್ತಾರೆ; ಅದು ಸಡಿಲವಾಗಿ ಜೋತುಬಿದ್ದರೆ ಫೋಟೊ ತೆಗೆದಿಟ್ಟುಕೊಳ್ಳುತ್ತಾರೆ. ಜನರೇಟರ್ ಎಷ್ಟು ಸೆಕೆಂಡಿಗೆ ಹತ್ತುತ್ತದೆ ಎಂದು ತಿಳಿಯಲು ಮೇನ್ ಸ್ವಿಚ್ ಆಫ್ ಮಾಡಿಸುತ್ತಾರೆ. ಕೊನೆಗೆ ಶೌಚಾಲಯದ ನಲ್ಲಿಗಳನ್ನೆಲ್ಲ ತಿರುಗಿಸಿ ಬರುತ್ತಾರೆ. ಹೆಣ್ಣು ನೋಡಲು ಬಂದು ಹಿತ್ತಿಲ ಬಾವಿ ಇಣುಕುವ ಸೋದರಮಾವನ ಹಾಗೆ.

'ವೈಫೈ?'

'ಇದೆ ಸಾರ್. ಪಾಸ್‌ವರ್ಡು ಗೋಡೆ ಮೇಲೇ ಬರ್ದಿದೆ.'

'ಐನೂರು ಜನ. ತಲೆಗೊಂದು ಲ್ಯಾಪ್‌ಟಾಪು, ಒಂದು ಫೋನು. ಸಾವಿರ ಆಯ್ತು. ನಿಮ್ಮ ನೆಟ್‌ವರ್ಕು ಸ್ಲ್ಯಾಶ್ 24 ತಾನೆ? ಇರೋದೇ 254 ಅಡ್ರೆಸ್ಸು. ಮಿಕ್ಕವರ ಗತಿ?'

ಮ್ಯಾನೇಜರು ತುಸು ಯೋಚಿಸಿ, 'ಎಕ್ಸ್‌ಟ್ರಾ ಕುರ್ಚಿ ಹಾಕಿಸ್ತೀನಿ ಬಿಡಿ ಸಾರ್' ಎಂದರು.

ಬಾಡಿಗೆಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಡೀಸೆಲ್ ಬೇರೆ, ಕ್ಲೀನಿಂಗ್ ಬೇರೆ, ಅಡುಗೆ ಅವರದೇ ಆಗಬೇಕು. ಈ ಚೌಕಾಸಿಯಲ್ಲಿ ರಾಯರು ಸೋತದ್ದನ್ನು ನಾನು ಕಂಡಿಲ್ಲ. ಗೆದ್ದದ್ದನ್ನೂ ಕಂಡಿಲ್ಲ.

ಪ್ರತಿವರ್ಷ ಯಾರಾದರೊಬ್ಬ ಹುಡುಗ ಎದ್ದು 'ಬೆಂಗಳೂರೇ ಯಾಕೆ?' ಎನ್ನುತ್ತಾನೆ. ಮೈಸೂರು ಎಂದರೆ ಆಷಾಢದಲ್ಲೂ ದಸರಾ ರೇಟು, ಮಂಗಳೂರು ಎಂದರೆ ಮಳೆಗೆ ಕುಸಿಯುವ ಶಿರಾಡಿ ಘಾಟಿ. ಗೋವಾಕ್ಕೆ ಮಾತ್ರ ರಾಯರು ತಕ್ಷಣ ಬೇಡವೆನ್ನುವುದಿಲ್ಲ. ಸ್ವತಃ ಹೋಗಿ ನೋಡಿಕೊಂಡು ಬಂದು ಆಮೇಲೆ ಬೇಡವೆನ್ನುತ್ತಾರೆ. ಮೂರು ತಿಂಗಳು ಊರೆಲ್ಲ ಸುತ್ತಿ, ಹೋದ ವರ್ಷದ ಹಾಲನ್ನೇ ಮತ್ತೆ ಬುಕ್ ಮಾಡುತ್ತಾರೆ.

ನಗಬಹುದು. ಆದರೆ ಭಾಷಣ ಸಪ್ಪೆಯಾದರೆ ಜನ ಫೋನು ನೋಡುತ್ತಾ ಕೂರುತ್ತಾರೆ, ನೆಟ್‌ವರ್ಕ್ ಹೋದರೆ ಸಮಿತಿಯ ಕೊರಳಪಟ್ಟಿಗೆ ಕೈಹಾಕುತ್ತಾರೆ. ಅಂಥ ಹೊತ್ತಿನಲ್ಲಿ ಮುಂದೆ ನಿಲ್ಲುವವರು ರಾಯರೊಬ್ಬರೇ.

ಸಮ್ಮೇಳನದ ದಿನ ಅವರು ಒಂದು ಭಾಷಣವನ್ನೂ ಕೇಳುವುದಿಲ್ಲ; ಎಂಸಿಬಿ ಪೆಟ್ಟಿಗೆ ಬಿಟ್ಟು ಕದಲುವುದಿಲ್ಲ. ಸಂಜೆ ಫೀಡ್‌ಬ್ಯಾಕ್ ಫಾರಂ ಬಂದಾಗ ಜಾಗದ ಕಾಲಂ ಒಂದನ್ನೇ ಓದುತ್ತಾರೆ. ಈ ಸಲ ಒಬ್ಬ ಪುಣ್ಯಾತ್ಮ 'ಪಾರ್ಕಿಂಗ್ ಏನೇನೂ ಸಾಲದು' ಎಂದು ಬರೆದಿದ್ದ. ರಾಯರು ಹೆಸರು ನೋಡಿದರು. 'ಇವನು ಬೆಳಿಗ್ಗೆ ಮೆಟ್ರೋದಲ್ಲಿ ನನ್ನ ಪಕ್ಕದಲ್ಲೇ ನೇತಾಡ್ತಿದ್ದ ಕಣ್ರೀ!' ಎಂದವರೇ, ಮುಂದಿನ ವರ್ಷದ ಪಟ್ಟಿಯಲ್ಲಿ 'ಪಾರ್ಕಿಂಗ್' ಎಂಬುದರ ಕೆಳಗೆ ಎರಡು ಗೆರೆ ಎಳೆದರು.