ಬೀದರಿಗೆ ಹೊರಡುವ ಮೊದಲು

ಅಲ್ಲ ಅಕ್ಕಾ, ಬೀದರಿನಲ್ಲಿ ಮೆಡಿಕಲ್ ಸೀಟು ಸಿಕ್ಕಿದ್ದು ಮೊನ್ನೆ, ಆಗಲೇ ಹುಡುಗಿಗೆ ಅನಾಟಮಿ ಪುಸ್ತಕ ತರಿಸಿಬಿಟ್ರಾ? ಮೊದಲನೇ ವರ್ಷ ಇರೋದೇ ಅದು. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಬೆಳಿಗ್ಗೆಯಿಂದ ರಾತ್ರಿವರೆಗೂ. ಈಗ ಮನೇಲಿ ಕೂತು ಒಬ್ಬಳೇ ಓದಿದರೆ ಎಷ್ಟು ತಲೆಗೆ ಹೋಗುತ್ತೆ ಹೇಳಿ? ಹೆಣದ ಮುಂದೆ ನಿಂತು, ಮೇಷ್ಟ್ರು ನರ ಎತ್ತಿ ತೋರಿಸಿದಾಗಲೇ ಆ ಪುಟ ಅರ್ಥವಾಗೋದು ಅಂತ ನಮ್ಮಣ್ಣನ ಮಗ ಹೇಳ್ತಿದ್ದ. ಪುಸ್ತಕ, ಮೂಳೆ ಸೆಟ್ಟು ಎಲ್ಲ ಸೀನಿಯರ್‌ಗಳ ಹತ್ತಿರ ಅರ್ಧ ಬೆಲೆಗೆ ಸಿಗುತ್ತೆ. ಎರಡು ವರ್ಷ ಪಿಯುಸಿ, ಅದರ ಜೊತೆ ಕೋಚಿಂಗು. ಬೆಳಗಿನ ಜಾವ ನಿಮ್ಮನೆ ದೀಪ ಹತ್ತೋದು ನಮ್ಮ ಹಿತ್ತಿಲಿಗೆ ಕಾಣ್ತಿತ್ತು. ಈಗ ಮಲಗಲಿ ಮಾರಾಯ್ತಿ. ಒಂಬತ್ತಕ್ಕೆ ಎದ್ದರೂ ಎಬ್ಬಿಸಬೇಡಿ.

ಕ್ಲಾಸು ಶುರುವಾಗೋವರೆಗಿನ ಈ ರಜೆ ಎಷ್ಟು ದಿನ ಅಂತ ಯಾರೂ ಬರೆದು ಕೊಡಲ್ಲ, ಕಷ್ಟ ಇರೋದೇ ಅಲ್ಲಿ. ನಮ್ಮಣ್ಣನ ಮಗ 2020ರ ಬ್ಯಾಚು. ಕೊರೋನಾ ವರ್ಷ, ನೀಟ್ ನಡೆದಿದ್ದೇ ಸೆಪ್ಟೆಂಬರ್ 13ಕ್ಕೆ. ಕ್ಲಾಸು ಶುರುವಾದಾಗ 2021ರ ಫೆಬ್ರವರಿ. ಈಗ ಪರೀಕ್ಷೆ ಮತ್ತೆ ಮೇ ತಿಂಗಳಿಗೆ ಬಂದಿದೆ, ಆದರೆ ರಿಸಲ್ಟು, ದಾಖಲೆ ಪರಿಶೀಲನೆ, ಕೆಇಎಯವರ ಸೀಟು ಹಂಚಿಕೆ ಸುತ್ತುಗಳು, ದೆಹಲಿಯವರ ಆಲ್ ಇಂಡಿಯಾ ಕೋಟಾ ಸುತ್ತುಗಳು, ಮಧ್ಯೆ ಕೋರ್ಟಿನ ಕೇಸು, ಹೀಗೆ ಒಂದಕ್ಕೊಂದು ಕಾದು ದಿನ ಮುಂದಕ್ಕೆ ಹೋಗ್ತಾನೇ ಇರುತ್ತೆ. ಅದಕ್ಕೇ ದೊಡ್ಡ ಪ್ರವಾಸಕ್ಕೆ ಈಗಲೇ ಟಿಕೆಟ್ ಮಾಡಿಸಬೇಡಿ. ಅಜ್ಜಿಮನೆ, ಹೆಚ್ಚಂದ್ರೆ ಗೋಕರ್ಣ, ಅಷ್ಟು ಸಾಕು. ಫೋನು ಬಂದರೆ ಮಾರನೇ ದಿನ ಮನೆ ಸೇರೋ ಹಾಗಿರಬೇಕು.

ಇನ್ನೊಂದು, ಇದು ಮೊದಲನೇ ಸುತ್ತು. ಫೀಸು ಕಟ್ಟಿ ಸೀಟು ಹಿಡಿದುಕೊಂಡು ಎರಡನೇ ಸುತ್ತಿಗೂ ನಿಂತಿದ್ದೀರಿ. ಅಲ್ಲಿ ಮೇಲಿನ ಆಯ್ಕೆ ಯಾವುದಾದರೂ ಬಂತು ಅಂದ್ರೆ ಬೀದರ್ ಸೀಟು ತಾನಾಗೇ ಹೋಗುತ್ತೆ. ಬೇಡ, ಹಳೇದೇ ಇರಲಿ ಅಂದ್ರೆ ಆಗಲ್ಲ. ಹಾಗಾಗಿ ಆಯ್ಕೆ ಪಟ್ಟೀಲಿ ಬೀದರಿಗಿಂತ ಮೇಲೆ ಏನೇನು ಹಾಕಿದ್ದೀರಿ ಅಂತ ಇವತ್ತು ರಾತ್ರಿ ಮಗಳ ಜೊತೆ ಕೂತು ಇನ್ನೊಂದು ಸಲ ನೋಡಿ. ಹೋಗೋಕೆ ಮನಸ್ಸಿಲ್ಲದ ಕಾಲೇಜು ಅಲ್ಲಿ ಇರಬಾರದು.

ದೂರ ಅಂತ ನೀವು ಕಣ್ಣೀರು ಹಾಕ್ತೀರಿ, ನನಗೆ ಅರ್ಥವಾಗುತ್ತೆ. ಸಾಗರದಿಂದ ಬೀದರ್ ಅಂದ್ರೆ ರಾಜ್ಯದ ಈ ಅಂಚಿಂದ ಆ ತುದಿ. ಆದರೆ ಒಂದು ಯೋಚನೆ ಮಾಡಿ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಆ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ಅಲ್ಲಿನ ಮಕ್ಕಳಿಗೆ, ಅದು ನ್ಯಾಯವೇ. ಉಳಿದಿದ್ದರಲ್ಲಿ ನಿಮ್ಮ ಮಗಳಿಗೆ ಒಂದು ಸಿಕ್ಕಿದೆ. ಸರ್ಕಾರಿ ಕಾಲೇಜು, 2007ರಿಂದ ನಡೀತಿದೆ, ಜಿಲ್ಲೆಯ ಜನವೆಲ್ಲ ಅದೇ ಆಸ್ಪತ್ರೆಗೆ ಬರ್ತಾರೆ. ಡಾಕ್ಟರಾಗೋಳಿಗೆ ರೋಗಿಗಳಿಗಿಂತ ದೊಡ್ಡ ಪಾಠ ಯಾವುದಿದೆ?

ಆ ರೋಗಿಗಳ ಮಾತು ಮಾತ್ರ ನಮ್ಮ ಮಾತಲ್ಲ. ಅಲ್ಲಿನ ಕನ್ನಡವೇ ಬೇರೆ, ಅದರ ಜೊತೆ ದಖನಿ ಉರ್ದು, ಮರಾಠಿ, ತೆಲುಗು. ಔರಾದಿನ ಕಡೆಯ ಅಜ್ಜಿ ಎಲ್ಲಿ ನೋವು ಅಂತ ಹೇಳಿದರೆ ಇವಳಿಗೆ ತಿಳೀಬೇಕಲ್ಲ. 2019ರಿಂದ ಎಂಬಿಬಿಎಸ್ ಶುರುವಿನಲ್ಲೇ ಫೌಂಡೇಶನ್ ಕೋರ್ಸ್ ಅಂತ ಮಾಡಿದ್ದಾರೆ. ಅದರಲ್ಲಿ ಸ್ಥಳೀಯ ಭಾಷೆ, ಕಂಪ್ಯೂಟರು, ಪ್ರಥಮ ಚಿಕಿತ್ಸೆ ಎಲ್ಲ ಉಂಟು. ಆದರೂ ಈ ರಜೇಲೇ ಕಿವಿ ಪಳಗಿಸಿಕೊಂಡರೆ ಒಳ್ಳೇದು. ಬಸ್ ಸ್ಟ್ಯಾಂಡ್ ಹತ್ತಿರ ರೊಟ್ಟಿ ಖಾನಾವಳಿ ನಡೆಸ್ತಾರಲ್ಲ, ಅವರು ಕಲಬುರಗಿ ಕಡೆಯವರು. ಸಂಜೆ ಅಲ್ಲಿಗೆ ಕಳಿಸಿ, ಅವರ ಹತ್ತಿರ ಕೂತು ಮಾತಾಡಲಿ. ಜೋಳದ ರೊಟ್ಟಿ ಬಡಿಯೋದನ್ನೂ ಕಲಿತರೆ ಇನ್ನೂ ಚೆನ್ನ. ಹುಟ್ಟಿದಾಗಿನಿಂದ ಅನ್ನ ಉಂಡ ಮಗು, ಮೆಸ್ಸಿನಲ್ಲಿ ದಿನಾ ರೊಟ್ಟಿ ಬಂದರೆ ಮುಖ ತಿರುಗಿಸಬಾರದು. ನನ್ನ ಮಟ್ಟಿಗೆ ಈ ರಜೆಯ ನಿಜವಾದ ಓದು ಇದೇ.

ಸಾಮಾನು ಜಾಸ್ತಿ ಬೇಡ ಅಕ್ಕಾ. ಹಾಸಿಗೆ, ಬಕೆಟ್ಟು ಎಲ್ಲ ಅಲ್ಲೇ ತಗೊಳ್ಳಿ. ತಾಳಗುಪ್ಪ ರೈಲಲ್ಲಿ ಬೆಂಗಳೂರಿಗೆ ಇಳಿದು, ಅಲ್ಲಿಂದ ಮತ್ತೆ ಬೀದರ್ ರೈಲು ಹತ್ತಬೇಕು, ಹಾಸಿಗೆ ಸುತ್ತಿಕೊಂಡು ಯಾರು ಓಡಾಡ್ತಾರೆ? ಅಪ್ಪೆಮಿಡಿ ಒಂದು ಭರಣಿ ಹಾಕಿ, ಅದು ಬೇಕೇ ಬೇಕು. ಸ್ವೆಟರು ಮರೀಬೇಡಿ. ಉತ್ತರದ ಕಡೆ ಅಂದ್ರೆ ಬರೀ ಬಿಸಿಲು ಅಂದ್ಕೊಳ್ತೇವೆ, ಡಿಸೆಂಬರಿನಲ್ಲಿ ಬೀದರಿನ ಚಳಿ ಹಲ್ಲು ಕಟಕಟ ಅನ್ನಿಸುತ್ತೆ. ಅಂಕಪಟ್ಟಿ, ವ್ಯಾಸಂಗ ಪ್ರಮಾಣಪತ್ರ, ಜಾತಿ-ಆದಾಯದ ಪತ್ರ ಎಲ್ಲದಕ್ಕೂ ಜೆರಾಕ್ಸ್ ಮಾಡಿಸಿ, ಫೋನಿನಲ್ಲೂ ಇಟ್ಟುಕೊಳ್ಳಿ. ಮೂಲ ಪ್ರತಿಗಳು ಕಾಲೇಜಿನ ಕೈಗೆ ಹೋದ ಮೇಲೆ ಸ್ಕಾಲರ್‌ಶಿಪ್ಪಿಗೆ, ಬ್ಯಾಂಕಿಗೆ ಈ ಜೆರಾಕ್ಸುಗಳೇ ಬೇಕಾಗ್ತವೆ. ರ್‍ಯಾಗಿಂಗ್ ಮಾಡಲ್ಲ ಅಂತ ಮಗಳದ್ದೂ ನಿಮ್ಮದೂ ಅಫಿಡವಿಟ್ ಕೇಳ್ತಾರೆ. ಸುಮ್ಮನೆ ಸಹಿ ಹಾಕಬೇಡಿ, ಪೂರ್ತಿ ಓದಿ. ಯಾರಾದರೂ ಕಾಡಿದರೆ ಬಾಯಿಬಿಟ್ಟು ಹೇಳಬೇಕು ಅಂತ ಮಗಳಿಗೆ ಈಗಲೇ ಹೇಳಿಡಿ.

ಹಾಂ, ಎಲ್ಲಕ್ಕಿಂತ ಮುಖ್ಯವಾದ್ದು ಬಿಟ್ಟೇ ಹೋಗ್ತಿತ್ತು. ಹೆಪಟೈಟಿಸ್ ಬಿ ಲಸಿಕೆ. ಮುಂದೆ ಸೂಜಿ, ರಕ್ತ ಮುಟ್ಟೋ ಕೆಲಸ. ಚಿಕ್ಕವಳಿದ್ದಾಗ ಹಾಕಿಸಿದ ಕಾರ್ಡು ಇದೆಯಾ ನೋಡಿ. ಇಲ್ಲ ಅಂದ್ರೆ ಮೂರು ಡೋಸು: ಇವತ್ತು ಒಂದು, ತಿಂಗಳಿಗೆ ಇನ್ನೊಂದು, ಆರನೇ ತಿಂಗಳಿಗೆ ಮೂರನೇದು. ಇಲ್ಲಿ ಎರಡು ಮುಗಿಸಿಕೊಂಡು ಹೋದರೆ ಮೂರನೇದು ಅಲ್ಲೇ ಆಗುತ್ತೆ.

ಬಿಡೋಕೆ ನೀವಿಬ್ಬರೂ ಹೋಗಿ. ಮೊದಲ ವರ್ಷ ಹಾಸ್ಟೆಲ್ಲೇ ಇರಲಿ, ಹೊರಗೆ ರೂಮು ಬೇಡ. ರಾತ್ರಿ ಓದುವಾಗ ಪಕ್ಕದಲ್ಲಿ ಅದೇ ಕಷ್ಟ ಪಡೋ ಇನ್ನೊಂದು ಹುಡುಗಿ ಇರಬೇಕು. ಅಡ್ಮಿಶನ್ ಮುಗಿದ ಮೇಲೆ ಒಂದು ದಿನ ಜಾಸ್ತಿ ಉಳಿದು ಮೂವರೂ ಊರು ಸುತ್ತಿ. ಕೋಟೆ ಇದೆ, 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ಇದೆ. ಔಷಧಿ ಅಂಗಡಿ ಯಾವುದು, ರಾತ್ರಿ ಆಟೋ ಎಲ್ಲಿ ಸಿಗುತ್ತೆ, ಸ್ಟೇಷನ್ನಿಗೆ ಯಾವ ಬಸ್ಸು, ಅದನ್ನೂ ಅವಳ ಜೊತೆಗೇ ನೋಡಿಕೊಳ್ಳಿ. ಮನೆ ಬೀಗದ ಕೈ ನಮ್ಮನೇಲಿ ಕೊಟ್ಟು ಹೋಗಿ, ಹಸುವಿಗೆ ಹುಲ್ಲು ನಾನು ಹಾಕ್ತೀನಿ.