ಕೊಟ್ಟಿಗೆಯ ಮೊಳೆಯಲ್ಲಿ ಒಬ್ಬ ವಿದೇಶೀ ಅತಿಥಿ

ಹುತ್ತೂರಿನ ನಮ್ಮ ಬಂಧುಗಳ ಮನೆಗೆ ಅಮೆರಿಕದಿಂದ ರಜೆಗೆಂದು ಬಂದಿದ್ದ ಮೊಮ್ಮಗನು ಹಿಂದಿರುಗುವಾಗ ಮರೆತುಹೋದ ಬೇಸ್‌ಬಾಲ್ ಕೈಗವುಸು, ತಾನು ದನದ ಚರ್ಮದಿಂದಾದದ್ದೆಂಬ ಸಂಗತಿ ಅಜ್ಜಿಯವರ ಕಿವಿಗೆ ಬಿದ್ದ ದಿವಸವೇ ನಡುಮನೆಯ ಗೂಡಿನಿಂದ ಕೊಟ್ಟಿಗೆಯ ಮೊಳೆಗೆ ವರ್ಗವಾಯಿತು. ಅದು ಶಾರ್ಟ್‌ಸ್ಟಾಪ್ ಎಂಬ ಆಟಗಾರನ ಗವುಸೆಂದೂ, 1970ರ ದಶಕದಲ್ಲಿ ನಮ್ಮ ಕ್ರಿಕೆಟಿಗ ಬ್ರಿಜೇಶ್ ಪಟೇಲರು ಕವರ್‌ನಲ್ಲಿ ನಿಂತು ಚೆಂಡನ್ನು ತಡೆಯುತ್ತಿದ್ದ ಕೆಲಸದ ಜಾತಿಗೆ ಸೇರಿದ್ದೆಂದೂ ಕೇಳಿ, ಹಾಲು ಕರೆಯುವ ಹೊತ್ತು ಕಳೆದು ಎಮ್ಮೆಗಳು ಮೆಲುಕಿಗೆ ತೊಡಗಿದ ಮೇಲೆ ನಾನು ಅದರ ದರ್ಶನಕ್ಕೆ ಹೋದೆನು.

ನಾನು: ತಮ್ಮ ವೃತ್ತಿಯ ಮೂಲಪುರುಷರು ಯಾರು?

ಕೈಗವುಸು: ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ಬಿನ ಡೇನಿಯಲ್ ಆಡಮ್ಸ್ ಎಂಬ ವೈದ್ಯರು, ಸ್ವಾಮಿ. ಅಂದಿನ ಚೆಂಡು ಬಹು ಹಗುರವಾಗಿದ್ದು, ದೂರದಿಂದೆಸೆದರೆ ನಡುದಾರಿಯಲ್ಲೇ ಬಿದ್ದುಬಿಡುತ್ತಿದ್ದುದನ್ನು ಕಂಡು, ಅದನ್ನು ಒಬ್ಬರಿಂದ ಪಡೆದು ಇನ್ನೊಬ್ಬರಿಗೆ ದಾಟಿಸಲೋಸುಗ 1850ರ ಸುಮಾರಿನಲ್ಲಿ ಅವರೇ ಹೋಗಿ ನಡುವೆ ನಿಂತರು. ಚೆಂಡು ಗಟ್ಟಿಯಾದ ಮೇಲೆ ಆ ಅಗತ್ಯ ತಪ್ಪಿತು. ಆದರೆ ಹುದ್ದೆ ತಪ್ಪದೆ ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ನೆಲೆಗೊಂಡಿತು.

ನಾನು: ಕೆಲಸ ಮುಗಿದರೂ ಹುದ್ದೆ ಉಳಿಯುವುದು ನಮ್ಮಲ್ಲಿಯೂ ಉಂಟು.

ಕೈಗವುಸು: ನಮ್ಮಲ್ಲಿ ಉಳಿದ ಹುದ್ದೆಗೆ ಮೊದಲಿಗಿಂತ ಹೆಚ್ಚು ಕೆಲಸ ಬಿತ್ತು. ಬಲಗೈ ದಾಂಡಿಗರೇ ಬಹುಮಂದಿಯಾದ್ದರಿಂದ ಚೆಂಡು ನಮ್ಮತ್ತಲೇ ಬರುವುದು. ಹೊಡೆದವನು 90 ಅಡಿ ಓಡಿ ಮೊದಲ ಬೇಸ್ ಮುಟ್ಟಲು ತೆಗೆದುಕೊಳ್ಳುವುದು ನಾಲ್ಕು ಸೆಕೆಂಡಿಗಿಂತ ತುಸು ಹೆಚ್ಚು. ಅಷ್ಟರೊಳಗೆ ಓಡಿ, ಬಗ್ಗಿ, ಹಿಡಿದು, ಎಸೆದಿರಬೇಕು. ನನ್ನ ಅಂಗೈಯನ್ನೇ ನೋಡಿ: ಹೊರಮೈದಾನದವರ ಗವುಸಿಗಿಂತ ಕಿರಿದು, ಗುಳಿಯೂ ಆಳವಿಲ್ಲ. ಒಳಬಂದ ಚೆಂಡು ಅಲ್ಲೇ ಬೇರೂರಕೂಡದು. ಬಲಗೈ ತಡಕಾಡದೆ ಅದನ್ನೆತ್ತಿಕೊಳ್ಳಬೇಕು.

ನಾನು: ಕೈಗೆ ಬಂದದ್ದನ್ನು ಆ ಕ್ಷಣವೇ ಮುಂದಕ್ಕೆ ದಾಟಿಸುವ ತಮ್ಮಂಥವರಿಗೆ, ಒಂದು ಕಡತ ಈ ಮೇಜಿನಿಂದ ಆ ಮೇಜಿಗೆ ಹೋಗುವಷ್ಟರಲ್ಲಿ ಎರಡು ಮುಂಗಾರು ಕಳೆಯುವ ನಮ್ಮ ಕಚೇರಿಗಳಲ್ಲಿ ಜವಾನಗಿರಿಯೂ ಸಿಕ್ಕದು. ಇರಲಿ, ತಪ್ಪಿದರೆ ಶಿಕ್ಷೆಯೇನು?

ಕೈಗವುಸು: ಪ್ರಕಟಣೆ. ಮೈದಾನದ ಫಲಕದಲ್ಲಿ ಓಟಗಳು, ಹೊಡೆತಗಳು, ಅವುಗಳ ಪಕ್ಕದಲ್ಲೇ ತಪ್ಪುಗಳು. ಅಷ್ಟೂ ಪ್ರೇಕ್ಷಕರಿಗೆ ಕಾಣುವ ಹಾಗೆ. ಹರ್ಮನ್ ಲಾಂಗ್ ಎಂಬ ಹಳೆಯ ಶಾರ್ಟ್‌ಸ್ಟಾಪ್ 1889ರಿಂದ 1904ರವರೆಗೆ ಆಡಿ, ಸಾವಿರಕ್ಕೂ ಮಿಕ್ಕ ತಪ್ಪುಗಳನ್ನು ತನ್ನ ಖಾತೆಗೆ ಬರೆಸಿಕೊಂಡನು. ಆ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ.

ನಾನು: ಅಂಥವನನ್ನು ಮನೆಗೆ ಕಳುಹಿಸಲಿಲ್ಲವೆ?

ಕೈಗವುಸು: ಏಕೆ ಕಳುಹಿಸಬೇಕು? ತನ್ನ ಕಾಲದ ಒಳ್ಳೆಯ ಆಟಗಾರರಲ್ಲಿ ಅವನೊಬ್ಬನು. ಉಳಿದವರು ಬಿಟ್ಟುಬಿಡುತ್ತಿದ್ದ ಚೆಂಡಿಗೂ ಓಡಿಹೋಗಿ ಕೈಯೊಡ್ಡುವನು. ಕೈಗೆ ತಗುಲಿ ಜಾರಿದರೆ ತಪ್ಪೆಂದು ಬರೆಯುವರು. ನಿಂತಲ್ಲೇ ನಿಂತು ಚೆಂಡು ಹಾದುಹೋಗುವುದನ್ನು ಗಾಂಭೀರ್ಯದಿಂದ ನೋಡಿದವನ ಖಾತೆಯಲ್ಲಿ ತಪ್ಪೇ ಇರದು.

ಕಳಂಕರಹಿತವಾದ ಎಷ್ಟೋ ಸೇವಾಪುಸ್ತಕಗಳ ರಹಸ್ಯ ನನಗೆ ಅಲ್ಲಿ, ಗೋಮಯದ ಗಂಧದ ನಡುವೆ, ಗೋಚರವಾಯಿತು.

ನಾನು: ನೆಲವೇ ಕೈಕೊಟ್ಟರೆ? ಇಲ್ಲಿ ಹುಡುಗರು ರಾಗಿ ಕೊಯ್ದ ಹೊಲದಲ್ಲಿ ಆಡುತ್ತಾರೆ. ಕೂಳೆಗೆ ತಗುಲಿದ ಚೆಂಡು ಮೊಣಕಾಲಿಗೋ ಮೂಗಿಗೋ ಎಂದು ಹೇಳಬಲ್ಲ ಜೋಯಿಸನಿಲ್ಲ.

ಕೈಗವುಸು: ಅದು ನಮ್ಮ ಕುಲದ ಹಳೆಯ ಗಾಯ. 1960ರ ಅಕ್ಟೋಬರ್ 13ರಂದು ಪಿಟ್ಸ್‌ಬರ್ಗಿನಲ್ಲಿ, ವರ್ಲ್ಡ್ ಸೀರೀಸಿನ ಏಳನೆಯ ಹಾಗೂ ಕಡೆಯ ಪಂದ್ಯ. ಯಾಂಕೀಸ್ ತಂಡದ ಟೋನಿ ಕ್ಯೂಬೆಕ್ ಸುಲಭವಾದ ನೆಲಚೆಂಡಿಗೆ ಬಗ್ಗಿದನು. ಅದು ಎಲ್ಲಿಯೋ ತಗುಲಿ ಚಿಮ್ಮಿ ಅವನ ಗಂಟಲಿಗೆ ಬಡಿಯಿತು. ಅವನು ಮೈದಾನ ಬಿಡಬೇಕಾಯಿತು. ಎದುರಾಳಿಗಳು ಅಲ್ಲಿಂದ ಚೇತರಿಸಿಕೊಂಡು 10-9ರಲ್ಲಿ ಗೆದ್ದರು. ಲೆಕ್ಕ ಬರೆಯುವವರು ಮಾತ್ರ ಅದನ್ನು ಕ್ಯೂಬೆಕ್ಕನ ತಪ್ಪೆನ್ನದೆ, ಹೊಡೆದವನ ಖಾತೆಗೆ ಜಮೆ ಮಾಡಿದರು.

ನಾನು: ರಜೆಯ ಸೌಲಭ್ಯ?

ಕೈಗವುಸು: ಕ್ಯಾಲ್ ರಿಪ್ಕೆನ್ 1982ರಿಂದ 1998ರವರೆಗೆ ಸತತವಾಗಿ 2,632 ಪಂದ್ಯಗಳನ್ನು, ಬಹುಪಾಲು ಶಾರ್ಟ್‌ಸ್ಟಾಪಿನಲ್ಲೇ, ಒಂದನ್ನೂ ಬಿಡದೆ ಆಡಿದನು.

(ಈ ಉತ್ತರವನ್ನು ನೌಕರ ಮಿತ್ರರಿಗೆ ಓದಿಹೇಳಿದಾಗ ಅವರು ಗಳಿಕೆ ರಜೆ ವ್ಯರ್ಥವಾಯಿತಲ್ಲಾ ಎಂದು ಮರುಗಿದರು.)

ನಾನು: ಕೀರ್ತಿ?

ಕೈಗವುಸು: ಧಾರಾಳವಾಗಿ, ಆದರೆ ಪೂರ್ತಿಯಾಗಿ ಅಲ್ಲ. 2020ರಲ್ಲಿ ಡೆರೆಕ್ ಜೀಟರನನ್ನು ಕೀರ್ತಿಮಂದಿರಕ್ಕೆ ಆರಿಸುವಾಗ 397 ಮತಗಳಲ್ಲಿ 396 ಬಂದವು. ಆ ಒಬ್ಬ ಮಹಾನುಭಾವರು ಯಾರೆಂಬುದು ಪ್ರಕಟವಾಗಿಲ್ಲ.

ನಾನು: ನಮ್ಮ ಪಂಚಾಯಿತಿ ಚುನಾವಣೆಯಾಗಿದ್ದರೆ ಸಂಜೆಯೊಳಗೆ ಪತ್ತೆಯಾಗುತ್ತಿತ್ತು. ಮುಪ್ಪು ಬಂದರೆ?

ಕೈಗವುಸು: ಕಾಲು ಸೋತವನನ್ನು ಕಡಮೆ ಓಡುವ ಜಾಗಕ್ಕೆ ವರ್ಗ ಮಾಡುವರು. ರಿಪ್ಕೆನ್ ಮೂರನೆಯ ಬೇಸ್‌ಗೆ ಹೋದನು. 1958 ಮತ್ತು 1959ರಲ್ಲಿ ಎರಡು ಸಲ ಲೀಗಿನ ಶ್ರೇಷ್ಠ ಆಟಗಾರನೆನಿಸಿದ ಎರ್ನಿ ಬ್ಯಾಂಕ್ಸ್ ಮೊದಲ ಬೇಸ್‌ಗೆ ಹೋದನು. ನಾನು ಹುತ್ತೂರಿಗೆ ಬಂದೆನು.

ನಾನು: ಇಲ್ಲಿ ಏನು ಕಾರ್ಯಭಾರ?

ಕೈಗವುಸು: ದನಗಳಿಗೆ ಬೇಯಿಸಿದ ಹುರುಳಿಯ ಪಾತ್ರೆಯನ್ನು ಒಲೆಯಿಂದಿಳಿಸುವುದು. ಎಡಗೈಗೆ ನಾನು, ಬಲಗೈಗೆ ಒಂದು ಗೋಣಿಚೂರನ್ನು ಸಹೋದ್ಯೋಗಿಯಾಗಿ ಕೊಟ್ಟಿದ್ದಾರೆ. ಮೊನ್ನೆ ಪಾತ್ರೆ ಜಾರಿತು. ತಪ್ಪು ಸಹೋದ್ಯೋಗಿಯದು, ಸ್ವಾಮಿ, ಬೇಕಾದರೆ ಬರೆದುಕೊಳ್ಳಿ.